ಎರಡು ಕಣ್ಣು ಕಂಡದ್ದು ಮಿದುಳಿನಲ್ಲಿ ಒಂದಾಗುವ ಬಗೆ

ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಎದುರು ಗೋಡೆಯ ಮೇಲೊಂದು ಕ್ಯಾಲೆಂಡರ್ ಇದ್ದರೆ ಒಳ್ಳೆಯದು. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿ, ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿ. ಬೆರಳು ಅಲುಗಿಲ್ಲ. ಆದರೂ ಕ್ಯಾಲೆಂಡರಿನ ಮುಂದೆ ಅದು ಎರಡು ಮೂರು ಹೆಬ್ಬೆರಳಿನಗಲ ಪಕ್ಕಕ್ಕೆ ಜಿಗಿಯುತ್ತದೆ.

ದೊಡ್ಡವರಲ್ಲಿ ಎರಡು ಕಣ್ಣುಪಾಪೆಗಳ ನಡುವಿನ ಅಂತರ ಸರಾಸರಿ 6.3 ಸೆಂಟಿಮೀಟರ್. ಇಷ್ಟು ದೂರದಲ್ಲಿರುವ ಎರಡು ಕಿಂಡಿಗಳಿಂದ ಇಣುಕಿದರೆ ಜಗತ್ತು ಒಂದೇ ಥರ ಕಾಣಲು ಸಾಧ್ಯವಿಲ್ಲ. ಅಂದರೆ ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿಗೆ ಎರಡು ಬೇರೆ ಬೇರೆ ಚಿತ್ರಗಳು ಬರುತ್ತಲೇ ಇರುತ್ತವೆ, ನಮಗೆ ಕಾಣುವುದು ಮಾತ್ರ ಒಂದೇ. ಮಿದುಳು ಎರಡನ್ನೂ ಸೇರಿಸಿಬಿಡುತ್ತದೆ ಎಂದು ಒಂದು ಸಾಲಿನಲ್ಲಿ ಹೇಳಿ ಮುಗಿಸುವುದುಂಟು. ಆ ಸಾಲಿನಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಚಿತ್ರಗಳ ನಡುವಿನ ವ್ಯತ್ಯಾಸವನ್ನು ಮಿದುಳು ಅಳಿಸುವ ಮೊದಲು ಅಳೆಯುತ್ತದೆ. ವಸ್ತುಗಳ ಹಿಂದು ಮುಂದು, ಉಬ್ಬು ತಗ್ಗು ನಮಗೆ ಕಣ್ಣಿಗೆ ಹೊಡೆದಂತೆ ಕಾಣುವುದು ಬಹುಮಟ್ಟಿಗೆ ಆ ಅಳತೆಯಿಂದ.

ಎರಡು ಕಣ್ಣಿಗೆ ಬೇರೆ ಬೇರೆ ನೋಟ ಸಿಗುತ್ತದೆ ಎನ್ನುವುದು ಹಳಬರಿಗೂ ಗೊತ್ತಿತ್ತು. ಎಷ್ಟೇ ನುರಿತ ಕೈ ಬರೆದರೂ ಎರಡು ಕಣ್ಣಲ್ಲಿ ನೋಡಿದ ವಸ್ತುವಿನ ಉಬ್ಬು ಚಿತ್ರಪಟದಲ್ಲಿ ಬರುವುದಿಲ್ಲ ಎಂದು ಲಿಯೊನಾರ್ಡೊ ಡ ವಿಂಚಿ ಬರೆದಿಟ್ಟಿದ್ದ. ಆದರೆ ಆಳದ ಅನುಭವ ಹುಟ್ಟುವುದೇ ಈ ವ್ಯತ್ಯಾಸದಿಂದ ಎಂದು ಪ್ರಯೋಗ ಮಾಡಿ ತೋರಿಸಿದವನು ಲಂಡನ್ನಿನ ಕಿಂಗ್ಸ್ ಕಾಲೇಜಿನ ಚಾರ್ಲ್ಸ್ ವೀಟ್‌ಸ್ಟೋನ್. ಪಿಯುಸಿ ಭೌತವಿಜ್ಞಾನ ಓದಿದವರಿಗೆ ವೀಟ್‌ಸ್ಟೋನ್ ಬ್ರಿಡ್ಜ್ ನೆನಪಿರಬಹುದು, ಅದೇ ವೀಟ್‌ಸ್ಟೋನ್. 1838ರಲ್ಲಿ ರಾಯಲ್ ಸೊಸೈಟಿಯ ಮುಂದೆ ಅವನು ಇಟ್ಟ ಉಪಕರಣ ತೀರಾ ಸರಳ. ಮೂಗಿನ ಎದುರಿಗೆ ಎರಡು ಕನ್ನಡಿಗಳನ್ನು ಓರೆಯಾಗಿ ಜೋಡಿಸಿದ್ದ. ಎಡಗಣ್ಣಿಗೆ ಎಡಬದಿಯಲ್ಲಿಟ್ಟ ಚಿತ್ರ, ಬಲಗಣ್ಣಿಗೆ ಬಲಬದಿಯ ಚಿತ್ರ ಮಾತ್ರ ಕಾಣುವ ಏರ್ಪಾಡು. ಚಿತ್ರಗಳೋ, ಬರೀ ಗೆರೆಗಳಲ್ಲಿ ಬರೆದ ಘನ, ಶಂಕುಗಳಂಥ ಆಕೃತಿಗಳು. ಎಡಗಣ್ಣಿಗೆ ಹೇಗೆ ಕಾಣಬೇಕೋ ಹಾಗೊಂದು, ಬಲಗಣ್ಣಿಗೆ ಹೇಗೆ ಕಾಣಬೇಕೋ ಹಾಗೊಂದು. ಎರಡೂ ಕಣ್ಣು ತೆರೆದು ನೋಡಿದರೆ ಚಪ್ಪಟೆ ಗೆರೆಗಳು ಗಾಳಿಯಲ್ಲಿ ನಿಂತ ಘನವಸ್ತುವಾಗಿಬಿಡುತ್ತಿದ್ದವು. ನೆರಳು ಬೆಳಕು ಹಾಕದೆ ಬರೀ ಗೆರೆ ಎಳೆದದ್ದರಲ್ಲೇ ಅವನ ಜಾಣತನವಿದೆ. ಒಂದು ವೇಳೆ ನೆರಳು ಹಾಕಿದ್ದರೆ, ಆಳ ಅದರಿಂದಲೇ ಬಂತು ಎಂದು ಯಾರಾದರೂ ತಕರಾರು ತೆಗೆಯಬಹುದಿತ್ತು. ಎಡಬಲದ ಚಿತ್ರಗಳನ್ನು ಅದಲುಬದಲು ಮಾಡಿದರೆ ಉಬ್ಬಿದ್ದು ತಗ್ಗಾಗಿ, ತಗ್ಗಿದ್ದು ಉಬ್ಬಾಗಿ ತಿರುಗಿಬೀಳುತ್ತಿತ್ತು.

ಈ ಲೆಕ್ಕ ಎಲ್ಲಿ ನಡೆಯುತ್ತದೆ? ಕಣ್ಣಿನೊಳಗಂತೂ ಅಲ್ಲ. ಒಂದು ಕಣ್ಣಿಗೆ ಇನ್ನೊಂದು ಏನು ನೋಡುತ್ತಿದೆ ಎಂಬ ಸುದ್ದಿಯೇ ಇಲ್ಲ. ಪ್ರತಿ ಕಣ್ಣಿನಿಂದ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿರುವ ಒಂದೊಂದು ನರ ಹೊರಡುತ್ತದೆ. ಮಿದುಳಿನ ಅಡಿಯಲ್ಲಿ ಈ ಎರಡೂ ನರಗಳು ಸಂಧಿಸುತ್ತವೆ. ಅಲ್ಲಿ ಮೂಗಿನ ಕಡೆಯ ರೆಟಿನಾದಿಂದ (ಕಣ್ಣಿನ ಒಳಗೋಡೆಯ ಬೆಳಕು ಹಿಡಿಯುವ ಪದರ) ಬಂದ ಎಳೆಗಳು ಎದುರು ಬದಿಗೆ ದಾಟುತ್ತವೆ, ಕಿವಿಯ ಕಡೆಯಿಂದ ಬಂದವು ತಮ್ಮ ಬದಿಯಲ್ಲೇ ಮುಂದುವರಿಯುತ್ತವೆ. ಹೆಚ್ಚುಕಡಿಮೆ ಅರ್ಧಕ್ಕರ್ಧ. ಇದರ ಫಲವಾಗಿ ನಿಮ್ಮ ಎಡಕ್ಕಿರುವ ಜಗತ್ತು, ಯಾವ ಕಣ್ಣು ನೋಡಿದ್ದರೂ ಸರಿ, ಮಿದುಳಿನ ಬಲಭಾಗಕ್ಕೆ ಹೋಗುತ್ತದೆ, ಬಲಕ್ಕಿರುವುದು ಎಡಭಾಗಕ್ಕೆ. ಎರಡು ಚಿತ್ರಗಳನ್ನು ಹೋಲಿಸಬೇಕಾದರೆ ಒಂದೇ ಜಾಗದ ಎರಡು ನೋಟಗಳು ಮೊದಲು ಒಂದೇ ಕಡೆ ಬರಬೇಕಲ್ಲ, ಆ ಕೆಲಸ ಇಲ್ಲಿ ಆಗುತ್ತದೆ.

ಬಂದ ಕೂಡಲೇ ಬೆರೆಯುವುದಿಲ್ಲ ಎನ್ನುವುದು ಗಮನಿಸಬೇಕಾದ ಸಂಗತಿ. ಮುಂದಿನ ನಿಲ್ದಾಣ ಮಿದುಳಿನ ನಡುಭಾಗದ ಥಲಾಮಸ್‌ನಲ್ಲಿರುವ ಆರು ಪದರಗಳ ಒಂದು ಪುಟ್ಟ ಕೇಂದ್ರ. ಅಲ್ಲಿ ಮೂರು ಪದರ ಒಂದು ಕಣ್ಣಿಗೆ, ಮೂರು ಇನ್ನೊಂದಕ್ಕೆ. ಅಲ್ಲಿಂದ ತಲೆಯ ಹಿಂಭಾಗದಲ್ಲಿರುವ ದೃಷ್ಟಿ ತೊಗಟೆಗೆ, ಅಂದರೆ ನೋಟವನ್ನು ನಿಭಾಯಿಸುವ ಮಿದುಳಿನ ಹೊರಪದರಕ್ಕೆ ಬಂದಾಗಲೂ, ಸುದ್ದಿ ಮೊದಲು ಇಳಿಯುವ ಪದರದಲ್ಲಿ ಎಡಗಣ್ಣಿನ ಪಟ್ಟಿ, ಬಲಗಣ್ಣಿನ ಪಟ್ಟಿ ಅಕ್ಕಪಕ್ಕ ಬೇರೆ ಬೇರೆಯಾಗಿಯೇ ಇರುತ್ತವೆ. ಅದರ ಮೇಲಿನ ಮತ್ತು ಕೆಳಗಿನ ಪದರಗಳಿಗೆ ಹೋದಾಗಲೇ ಎರಡೂ ಕಣ್ಣಿಗೆ ಸ್ಪಂದಿಸುವ ನರಕೋಶಗಳು ದಂಡಿಯಾಗಿ ಸಿಗುವುದು. ಡೇವಿಡ್ ಹ್ಯೂಬೆಲ್ ಮತ್ತು ಟೋರ್‌ಸ್ಟನ್ ವೀಸೆಲ್ 1950ರ ದಶಕದ ಕೊನೆಯಿಂದ ಬೆಕ್ಕುಗಳ, ಆಮೇಲೆ ಕೋತಿಗಳ ಮಿದುಳಿನಲ್ಲಿ ಒಂದೊಂದೇ ನರಕೋಶದ ಸದ್ದು ಕೇಳುತ್ತಾ ಈ ನಕ್ಷೆ ಬಿಡಿಸಿದರು. 1981ರಲ್ಲಿ ಅವರಿಗೆ ನೊಬೆಲ್ ಬಂತು.

1967ರಲ್ಲಿ ಹೊರೇಸ್ ಬಾರ್ಲೋ, ಕಾಲಿನ್ ಬ್ಲೇಕ್‌ಮೋರ್ ಮತ್ತು ಜ್ಯಾಕ್ ಪೆಟಿಗ್ರೂ ಬೆಕ್ಕಿನ ಮಿದುಳಿನಲ್ಲೇ ಇನ್ನೊಂದು ವಿಷಯ ಕಂಡುಕೊಂಡರು. ಎರಡೂ ಕಣ್ಣಿನ ಸುದ್ದಿ ಪಡೆಯುವ ನರಕೋಶಗಳಿಗೆ ತಮ್ಮದೇ ಆದ ಪಸಂದು ಇರುತ್ತದೆ. ಎಡಗಣ್ಣಿನ ಚಿತ್ರದಲ್ಲಿ ಒಂದು ಗೆರೆ ಇಲ್ಲಿ, ಬಲಗಣ್ಣಿನ ಚಿತ್ರದಲ್ಲಿ ಅದೇ ಗೆರೆ ಸರಿಯಾಗಿ ಇಷ್ಟೇ ಪಕ್ಕಕ್ಕೆ ಸರಿದಿದ್ದರೆ ಒಂದು ಕೋಶ ಜೋರಾಗಿ ಮಿಡಿಯುತ್ತದೆ. ಸ್ವಲ್ಪ ಹೆಚ್ಚು ಸರಿದರೆ ಅದು ಸುಮ್ಮನಾಗಿ ಬೇರೊಂದು ಮಿಡಿಯುತ್ತದೆ. ಕೆಲವು ಕೋಶಗಳು ನೋಟ ನೆಟ್ಟ ಬಿಂದುವಿಗಿಂತ ಹತ್ತಿರದ ವಸ್ತುಗಳಿಗೆ, ಕೆಲವು ದೂರದವಕ್ಕೆ. ಯಾವ ಗುಂಪು ಎಷ್ಟು ಮಿಡಿಯುತ್ತಿದೆ ಎನ್ನುವುದರಲ್ಲಿ ವಸ್ತು ನೋಟದ ಬಿಂದುವಿಗಿಂತ ಮುಂದಿದೆಯೋ ಹಿಂದಿದೆಯೋ ಎಂಬ ಉತ್ತರ ಸೇರಿಕೊಂಡಿದೆ.

ಈ ಅಳತೆ ಎಷ್ಟು ಸೂಕ್ಷ್ಮ? ಒಂದು ಡಿಗ್ರಿಯನ್ನು 3,600 ಭಾಗ ಮಾಡಿದರೆ ಒಂದು ಭಾಗಕ್ಕೆ ಆರ್ಕ್ ಸೆಕೆಂಡ್ ಎನ್ನುತ್ತಾರೆ. ಆರೋಗ್ಯವಂತ ಕಣ್ಣುಳ್ಳವರು ಅಂಥ ಇಪ್ಪತ್ತು ಭಾಗದಷ್ಟು ವ್ಯತ್ಯಾಸವನ್ನು ಆರಾಮಾಗಿ ಗುರುತಿಸಬಲ್ಲರು, ಚುರುಕು ಕಣ್ಣಿನವರು ಇನ್ನೂ ಕಡಿಮೆಯನ್ನೂ. ಇಪ್ಪತ್ತು ಎಂದೇ ಇಟ್ಟುಕೊಂಡು ಲೆಕ್ಕ ಹಾಕೋಣ. ಅರ್ಧ ಮೀಟರ್ ದೂರದಲ್ಲಿ ಎರಡು ವಸ್ತುಗಳ ನಡುವಿನ ಹಿಂದುಮುಂದು ಅರ್ಧ ಮಿಲಿಮೀಟರಿಗಿಂತ ಕಡಿಮೆಯಿದ್ದರೂ ತಿಳಿಯುತ್ತದೆ. ಹತ್ತು ಮೀಟರಿಗೆ ಹೋದರೆ ಸುಮಾರು 15 ಸೆಂಟಿಮೀಟರ್ ವ್ಯತ್ಯಾಸ ಬೇಕು. ನೂರು ಮೀಟರಿನಲ್ಲಿ ಸುಮಾರು 15 ಮೀಟರ್! ದೂರ ಹತ್ತುಪಟ್ಟಾದರೆ ಸೂಕ್ಷ್ಮತೆ ನೂರುಪಟ್ಟು ಇಳಿಯುತ್ತದೆ. ದೂರದ ಬೆಟ್ಟಸಾಲಿನಲ್ಲಿ ಯಾವ ಗುಡ್ಡ ಮುಂದಿದೆ, ಯಾವುದು ಹಿಂದಿದೆ ಎಂದು ಹೇಳಲು ಎರಡು ಕಣ್ಣು ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಮಂಜಿನ ಮಸುಕು, ಯಾವುದು ಯಾವುದನ್ನು ಮರೆಮಾಡಿದೆ ಎಂಬುದೇ ಆಧಾರ. ಜೋಡಿಗಣ್ಣಿನ ನಿಜವಾದ ರಾಜ್ಯ ಕೈಗೆಟುಕುವಷ್ಟು ದೂರ. ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಹೋಗಿ ನೋಡಿ. ದಾರದ ತುದಿ ಸೂಜಿಯ ಕಣ್ಣಿನ ಎದುರಿಗೇ ಇದೆ ಎನಿಸುತ್ತದೆ, ತಳ್ಳಿದರೆ ಅದರ ಮುಂದೆಯೋ ಹಿಂದೆಯೋ ಹಾದುಹೋಗುತ್ತದೆ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಪ್ಪುವುದಿಲ್ಲ. ತಪ್ಪುವುದೆಲ್ಲ ಹಿಂದು ಮುಂದಿನಲ್ಲೇ.

ಇಲ್ಲಿಯವರೆಗೆ ಒಂದು ಕಷ್ಟವನ್ನು ಬದಿಗಿಟ್ಟು ಮಾತಾಡಿದೆ. ವ್ಯತ್ಯಾಸ ಅಳೆಯಬೇಕಾದರೆ ಎಡಗಣ್ಣಿನ ಈ ಚುಕ್ಕೆಯೂ ಬಲಗಣ್ಣಿನ ಆ ಚುಕ್ಕೆಯೂ ಒಂದೇ ವಸ್ತುವಿನದು ಎಂದು ಮೊದಲು ಗೊತ್ತಾಗಬೇಕು. ಜಾತ್ರೆಯ ದಿನ ದೇವಸ್ಥಾನದ ಮುಂದೆ ಬಿಟ್ಟ ನೂರಾರು ಹವಾಯಿ ಚಪ್ಪಲಿಗಳಲ್ಲಿ ಎಡದ್ದಕ್ಕೆ ಅದರದೇ ಬಲದ್ದನ್ನು ಜೋಡಿಸುವಂಥ ಕೆಲಸ ಇದು. ಹೆಬ್ಬೆರಳನ್ನು ಗುರುತಿಸುವುದು ಸುಲಭ, ಇರುವುದು ಒಂದೇ. ಹುಣಸೆಮರದ ಎಲೆಗಳಾದರೆ? ಒಂದೇ ಸಾಲಿನಲ್ಲಿ ನಾಲ್ಕು ಒಂದೇ ಥರದ ಚುಕ್ಕೆಗಳಿದ್ದರೆ ಸಾಕು, ಎಡದ ಪ್ರತಿ ಚುಕ್ಕೆಗೆ ಬಲದಲ್ಲಿ ನಾಲ್ಕು ಸಂಭಾವ್ಯ ಜೋಡಿ, ಒಟ್ಟು ಹದಿನಾರು. ಅದರಲ್ಲಿ ಸರಿಯಾದವು ನಾಲ್ಕೇ.

ಬಹಳ ಕಾಲ ಎಲ್ಲರೂ ನಂಬಿದ್ದು ಹೀಗೆ: ಪ್ರತಿ ಕಣ್ಣಿನ ಚಿತ್ರದಲ್ಲಿ ಮಿದುಳು ಮೊದಲು ವಸ್ತುವನ್ನು ಗುರುತಿಸುತ್ತದೆ, ಆಮೇಲೆ ಹೋಲಿಸುತ್ತದೆ. ಇದು ತಪ್ಪೆಂದು ತೋರಿಸಿದವನು ಬೇಲಾ ಯೂಲೆಶ್. ಹಂಗೇರಿಯ ಈ ರಡಾರ್ ಎಂಜಿನಿಯರ್ 1956ರಲ್ಲಿ ದೇಶ ಬಿಟ್ಟು ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದ್ದ. ಎಲೆಬಲೆಗಳಡಿ ಅಡಗಿಸಿಟ್ಟ ಯುದ್ಧ ಸಾಮಗ್ರಿ ಒಂದು ವೈಮಾನಿಕ ಫೋಟೋದಲ್ಲಿ ಕಾಣದಿದ್ದರೂ ಎರಡು ಫೋಟೋಗಳನ್ನು ಜೋಡಿಯಾಗಿ ನೋಡಿದರೆ ಎದ್ದುಬರುತ್ತದೆ ಎಂಬುದು ಅವನಿಗೆ ತಿಳಿದಿತ್ತು. ಸುಮಾರು 1959ರಲ್ಲಿ ಅವನು ಕಂಪ್ಯೂಟರಿನಿಂದ ಕಪ್ಪುಬಿಳಿ ಚುಕ್ಕೆಗಳನ್ನು ಮನಬಂದಂತೆ ಎರಚಿ ಒಂದು ಚಿತ್ರ ಮಾಡಿದ. ಅದರದೇ ಇನ್ನೊಂದು ಪ್ರತಿಯಲ್ಲಿ ಮಧ್ಯದ ಒಂದು ಚೌಕದ ಚುಕ್ಕೆಗಳನ್ನಷ್ಟೇ ತುಸು ಪಕ್ಕಕ್ಕೆ ಸರಿಸಿ, ಖಾಲಿಯಾದ ಜಾಗಕ್ಕೆ ಹೊಸ ಚುಕ್ಕೆ ತುಂಬಿದ. ಒಂದೊಂದು ಚಿತ್ರವನ್ನೇ ನೋಡಿದರೆ ಬರೀ ಗದ್ದಲ. ಚೌಕದ ಸುಳಿವೇ ಇಲ್ಲ. ಎಡಗಣ್ಣಿಗೊಂದು ಬಲಗಣ್ಣಿಗೊಂದು ಕೊಟ್ಟ ಕೂಡಲೇ ಚೂಪು ಅಂಚಿನ ಚೌಕವೊಂದು ಹಾಳೆಯಿಂದ ಎದ್ದು ತೇಲುತ್ತದೆ. ಎಡಗಣ್ಣು ಆ ಚೌಕವನ್ನು ನೋಡಿಲ್ಲ, ಬಲಗಣ್ಣೂ ನೋಡಿಲ್ಲ. ಅದು ಹುಟ್ಟಿದ್ದೇ ಹೋಲಿಕೆಯಲ್ಲಿ. ದೃಷ್ಟಿವಿಜ್ಞಾನದ ಪ್ರಯೋಗಗಳಲ್ಲಿ ಇದಕ್ಕಿಂತ ಚೆಲುವಾದದ್ದು ನನಗಂತೂ ಗೊತ್ತಿಲ್ಲ. ಆಕಾರ ತಿಳಿದ ಮೇಲೆ ಆಳ ತಿಳಿಯುವುದೆಂಬ ಕ್ರಮ ಇಲ್ಲಿ ತಲೆಕೆಳಗಾಯಿತು, ಆಳ ತಿಳಿದದ್ದರಿಂದಲೇ ಆಕಾರ ಕಂಡಿತು. ತಪ್ಪು ಜೋಡಿಗಳನ್ನು ಮಿದುಳು ತಳ್ಳಿಹಾಕುವುದು ಜಗತ್ತಿನ ಬಗೆಗಿನ ಕೆಲವು ನಂಬಿಕೆಗಳ ಬಲದಿಂದ ಎಂದು ಡೇವಿಡ್ ಮಾರ್ ಮತ್ತು ಟೊಮಾಸೊ ಪೊಜ್ಜಿಯೊ 1976ರಲ್ಲಿ ಗಣಿತದ ಮಾದರಿ ಕೊಟ್ಟರು: ಒಂದು ಚುಕ್ಕೆಗೆ ಒಂದೇ ಜೋಡಿ, ಮೇಲ್ಮೈಗಳು ಸಾಮಾನ್ಯವಾಗಿ ನಯವಾಗಿರುತ್ತವೆ, ಆದ್ದರಿಂದ ಅಕ್ಕಪಕ್ಕದ ಚುಕ್ಕೆಗಳ ಆಳವೂ ಹತ್ತಿರಹತ್ತಿರವೇ ಇರಬೇಕು.

ಹಾಗಾದರೆ ಎರಡು ಚಿತ್ರ ಯಾವಾಗಲೂ ಒಂದಾಗುತ್ತವೆಯೇ? ಇಲ್ಲ. ಈ ಕ್ಷಣವೂ ನಿಮ್ಮ ಸುತ್ತ ಬಹಳಷ್ಟು ವಸ್ತುಗಳು ಎರಡೆರಡಾಗಿಯೇ ಇವೆ. ಮುಖದಿಂದ ಗೇಣುದ್ದ ದೂರದಲ್ಲಿ ಒಂದು ಬೆರಳು ಹಿಡಿದು, ನೋಟವನ್ನು ಅದರಾಚೆಯ ಗೋಡೆಗೆ ನೆಡಿ. ಬೆರಳು ಎರಡಾಗುತ್ತದೆ. ಈಗ ಬೆರಳನ್ನೇ ನೋಡಿ, ಗೋಡೆಯ ಗಡಿಯಾರ ಎರಡಾಗುತ್ತದೆ. ನೋಟ ನೆಟ್ಟ ಬಿಂದುವಿನ ಹಿಂದೆಮುಂದೆ ಒಂದು ತೆಳುವಾದ ವಲಯದಲ್ಲಿರುವ ವಸ್ತುಗಳು ಮಾತ್ರ ಒಂದಾಗಿ ಬೆಸೆಯುತ್ತವೆ. 1858ರಲ್ಲಿ ಇದನ್ನು ವಿವರಿಸಿದ ಡೆನ್ಮಾರ್ಕಿನ ಪೀಟರ್ ಪಾನುಮ್ ಹೆಸರಿನಿಂದಲೇ ಕಣ್ಣಿನ ವೈದ್ಯರು ಆ ವಲಯವನ್ನು ಕರೆಯುತ್ತಾರೆ. ಅದರ ಹೊರಗಿನದೆಲ್ಲ ಎರಡೆರಡು. ಆದರೆ ಅದರ ಕಡೆ ನಮ್ಮ ಗಮನವಿರುವುದಿಲ್ಲ, ಗಮನ ಕೊಟ್ಟ ಕೂಡಲೇ ಕಣ್ಣುಗಳು ಅತ್ತ ತಿರುಗಿ ಅದನ್ನು ವಲಯದೊಳಕ್ಕೆ ತಂದುಬಿಡುತ್ತವೆ.

ಎರಡು ಕಣ್ಣಿಗೆ ಹೊಂದಿಕೆಯೇ ಆಗದ ಚಿತ್ರಗಳನ್ನು ಕೊಟ್ಟರೆ ಆಗುವುದು ಇನ್ನೂ ವಿಚಿತ್ರ. ಎಡಗಣ್ಣಿಗೆ ಒಂದು ಮುಖ, ಬಲಗಣ್ಣಿಗೆ ಒಂದು ಮನೆ ತೋರಿಸಿ. ಎರಡೂ ಬೆರೆತ ಮುಖ-ಮನೆ ಸ್ಥಿರವಾಗಿ ನಿಲ್ಲುವುದಿಲ್ಲ. ಕೆಲವು ಸೆಕೆಂಡು ಮುಖ, ಆಮೇಲೆ ಅದು ಚೂರುಚೂರಾಗಿ ಕರಗಿ ಮನೆ, ಮತ್ತೆ ಮುಖ. ನೋಡುವವರು ಬೇಡವೆಂದರೂ ಇದು ನಿಲ್ಲದು. ಕಣ್ಣಿನೆದುರಿನ ಚಿತ್ರ ಬದಲಾಗಿಲ್ಲ, ಬದಲಾಗುತ್ತಿರುವುದು ಅರಿವಿಗೆ ಬರುವುದಷ್ಟೇ. ಅದಕ್ಕೇ ಪ್ರಜ್ಞೆಯ ಸಂಶೋಧಕರಿಗೆ ಇದರ ಮೇಲೆ ಬಹಳ ಪ್ರೀತಿ. 1990ರ ದಶಕದಲ್ಲಿ ನಿಕೋಸ್ ಲೋಗೊಥೆಟಿಸ್ ಮತ್ತು ಸಂಗಡಿಗರು, ತಮಗೆ ಏನು ಕಾಣುತ್ತಿದೆ ಎಂದು ಸನ್ನೆಕೋಲು ಒತ್ತಿ ಹೇಳುವಂತೆ ಕೋತಿಗಳನ್ನು ಪಳಗಿಸಿದರು. ಅವುಗಳ ಮಿದುಳಿನ ಮೊದಲ ದೃಷ್ಟಿಕೇಂದ್ರಗಳಲ್ಲಿ ಸುಮಾರು ಐದರಲ್ಲಿ ಒಂದು ನರಕೋಶ ಮಾತ್ರ ಕೋತಿಗೆ ಕಂಡದ್ದರ ಜೊತೆ ಏರಿಳಿಯುತ್ತಿತ್ತು. ಉಳಿದವು ಕಣ್ಣಿಗೆ ಬಿದ್ದದ್ದಕ್ಕೆ ಸ್ಪಂದಿಸುತ್ತಲೇ ಇದ್ದವು. ವಸ್ತುಗಳನ್ನು ಗುರುತಿಸುವ ಮೇಲಿನ ಹಂತಕ್ಕೆ ಬಂದರೆ ಹತ್ತರಲ್ಲಿ ಒಂಬತ್ತು ಕೋಶಗಳು ಕಂಡದ್ದನ್ನೇ ಹಿಂಬಾಲಿಸುತ್ತಿದ್ದವು. ಸೋತ ಚಿತ್ರ ಮಿದುಳಿನೊಳಗೆ ಸಾಕಷ್ಟು ದೂರ ಬಂದು, ಆಮೇಲೆ ಅರಿವಿನ ಹೊರಗುಳಿಯುತ್ತದೆ.

ಮನೆಯಲ್ಲೇ ಇದರ ರುಚಿ ನೋಡಲು ಒಂದು ಹಾಳೆ ಸಾಕು. ಸುರುಳಿ ಸುತ್ತಿ ಬಲಗಣ್ಣಿಗೆ ಕೊಳವೆಯಂತೆ ಹಿಡಿಯಿರಿ, ಎಡ ಅಂಗೈಯನ್ನು ಎಡಗಣ್ಣಿನೆದುರು ಕೊಳವೆಗೆ ತಾಗಿಸಿ ನಿಲ್ಲಿಸಿ, ಎರಡೂ ಕಣ್ಣು ತೆರೆದು ದೂರ ನೋಡಿ. ಅಂಗೈಯ ನಡುವೆ ದುಂಡಗಿನ ತೂತು ಬಿದ್ದು ಅದರೊಳಗಿನಿಂದ ಆಚೆಯ ಜಗತ್ತು ಕಾಣುತ್ತದೆ. ಮಕ್ಕಳಿಗೆ ತೋರಿಸಿ, ಬಿಡುವುದೇ ಇಲ್ಲ.

ಇದೇ ಸಾಲಿನಲ್ಲಿ ಕಾರ್ಲ್ ಪುಲ್‌ಫ್ರಿಕ್‌ನ ಹೆಸರು ಹೇಳಲೇಬೇಕು. ದಾರಕ್ಕೆ ಭಾರ ಕಟ್ಟಿ ಎಡಕ್ಕೂ ಬಲಕ್ಕೂ ನೇರವಾಗಿ ತೂಗಾಡಿಸಿ, ಒಂದು ಕಣ್ಣಿಗೆ ಮಾತ್ರ ಕೂಲಿಂಗ್ ಗ್ಲಾಸಿನ ಗಾಜು ಹಿಡಿದು ಎರಡೂ ಕಣ್ಣಿನಿಂದ ನೋಡಿದರೆ, ಭಾರ ನೇರ ತೂಗದೆ ಮುಂದೆಹಿಂದೆ ಬಂದು ಅಂಡಾಕಾರದಲ್ಲಿ ಸುತ್ತುವಂತೆ ಕಾಣುತ್ತದೆ. ಕತ್ತಲಾದ ಕಣ್ಣಿನ ಸುದ್ದಿ ಮಿದುಳಿಗೆ ಕೆಲವು ಮಿಲಿಸೆಕೆಂಡು ತಡವಾಗಿ ತಲುಪುತ್ತದೆ. ಅಷ್ಟರಲ್ಲಿ ಭಾರ ಸರಿದಿರುತ್ತದೆ. ಕಾಲದ ಆ ವ್ಯತ್ಯಾಸವನ್ನು ಮಿದುಳು ಜಾಗದ ವ್ಯತ್ಯಾಸವೆಂದು ಓದಿ, ಅದಕ್ಕೆ ತಕ್ಕ ಆಳ ಕೊಡುತ್ತದೆ. 1922ರಲ್ಲಿ ಇದನ್ನು ಪ್ರಕಟಿಸಿದ ಪುಲ್‌ಫ್ರಿಕ್, ಜರ್ಮನಿಯ ಯೇನಾದ ಕಾರ್ಲ್ ಝೈಸ್ ಕಂಪನಿಯಲ್ಲಿ ಜೋಡಿನೋಟದ ಉಪಕರಣಗಳನ್ನು ಮಾಡುತ್ತಿದ್ದವನು. ಅವನಿಗೆ ಆ ಹೊತ್ತಿಗೆ ಒಂದು ಕಣ್ಣಿನ ದೃಷ್ಟಿ ಹೋಗಿತ್ತು. ತನ್ನ ಹೆಸರು ಹೊತ್ತ ಈ ವಿದ್ಯಮಾನವನ್ನು ಅವನು ಸ್ವತಃ ನೋಡುವಂತಿರಲಿಲ್ಲ.

ಈ ಶಕ್ತಿ ಹುಟ್ಟಿನಿಂದಲೇ ಸಿದ್ಧವಾಗಿ ಬರುವುದಿಲ್ಲ. ಮಗುವಿಗೆ ಸುಮಾರು ಮೂರರಿಂದ ಐದು ತಿಂಗಳಾಗುವಾಗ, ಕೆಲವೇ ವಾರಗಳಲ್ಲಿ ಚಿಗುರುತ್ತದೆ. ಅದಕ್ಕೆ ಎರಡೂ ಕಣ್ಣು ಒಂದೇ ಜಾಗವನ್ನು ಸ್ಪಷ್ಟವಾಗಿ ನೋಡುತ್ತಿರಬೇಕು. ಹ್ಯೂಬೆಲ್ ಮತ್ತು ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಕೆಲವು ವಾರ ಹೊಲಿದಿಟ್ಟು ಆಮೇಲೆ ತೆರೆದಾಗ, ಕಣ್ಣು ಚೆನ್ನಾಗಿಯೇ ಇತ್ತು. ಮಿದುಳಿನಲ್ಲಿ ಮಾತ್ರ ಅದಕ್ಕೆ ಸ್ಪಂದಿಸುವ ಕೋಶಗಳು ಹೆಚ್ಚುಕಡಿಮೆ ಇಲ್ಲವಾಗಿದ್ದವು; ತೆರೆದಿದ್ದ ಕಣ್ಣು ಆ ಜಾಗವನ್ನೆಲ್ಲ ಆಕ್ರಮಿಸಿತ್ತು. ಬೆಳೆದ ಬೆಕ್ಕಿನಲ್ಲಿ ಇದನ್ನೇ ಮಾಡಿದರೆ ಅಂಥ ಬದಲಾವಣೆ ಆಗಲಿಲ್ಲ.

ಮಕ್ಕಳಲ್ಲಿ ಇದೇ ಕಥೆ ಬೇರೆ ರೂಪದಲ್ಲಿ ನಡೆಯುತ್ತದೆ. ಮೆಳ್ಳೆಗಣ್ಣಿದ್ದರೆ ಎರಡು ಕಣ್ಣು ಎರಡು ಕಡೆ ನೋಡುತ್ತವೆ. ಎರಡೆರಡಾಗಿ ಕಾಣುವ ಕಾಟ ತಪ್ಪಿಸಿಕೊಳ್ಳಲು ಬೆಳೆಯುವ ಮಿದುಳು ಒಂದು ಕಣ್ಣಿನ ಸುದ್ದಿಯನ್ನು ಅದುಮಿಡುತ್ತದೆ. ಒಂದು ಕಣ್ಣಿಗೆ ಮಾತ್ರ ಹೆಚ್ಚು ಪವರ್ ಇದ್ದರೂ ಹೀಗೇ ಆಗುತ್ತದೆ, ಮತ್ತು ಅದು ಇನ್ನೂ ಅಪಾಯ, ಏಕೆಂದರೆ ಹೊರಗಿನಿಂದ ನೋಡುವವರಿಗೆ ಏನೂ ಗೊತ್ತಾಗದು. ಮಗುವಿಗೂ ಗೊತ್ತಾಗದು, ಒಳ್ಳೆಯ ಕಣ್ಣು ಎಲ್ಲವನ್ನೂ ನಿಭಾಯಿಸುತ್ತಿರುತ್ತದೆ. ಇದೇ ಆಂಬ್ಲಿಯೋಪಿಯಾ, ಮಾತಿನಲ್ಲಿ ಸೋಮಾರಿ ಕಣ್ಣು. ಮೆಳ್ಳೆಗಣ್ಣು ಅದೃಷ್ಟದ ಗುರುತು, ದೊಡ್ಡದಾದ ಮೇಲೆ ತಾನೇ ಸರಿಹೋಗುತ್ತದೆ ಎನ್ನುವ ಮಾತು ನಮ್ಮಲ್ಲಿ ಇನ್ನೂ ಕೇಳಿಬರುತ್ತದೆ. ಇದು ಮಗುವಿನ ಬೆಲೆಬಾಳುವ ವರ್ಷಗಳನ್ನು ತಿಂದುಹಾಕುವ ಮಾತು. ಏಳೆಂಟು ವರ್ಷದೊಳಗೆ ಕನ್ನಡಕ ಹಾಕಿ, ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಅಂಟಿಸಿದರೆ ಬಹಳಷ್ಟು ಮಕ್ಕಳ ದೃಷ್ಟಿ ಸುಧಾರಿಸುತ್ತದೆ. ದೋಷ ಮಧ್ಯಮ ಮಟ್ಟದ್ದಾದರೆ ದಿನಕ್ಕೆ 2 ಗಂಟೆಯ ಪಟ್ಟಿಯೂ 6 ಗಂಟೆಯಷ್ಟೇ ಫಲ ಕೊಟ್ಟದ್ದು 2003ರ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಕಂಡಿತು. ಏಳು ದಾಟಿದ ಮಕ್ಕಳಿಗೂ ಉಪಯೋಗವಿದೆ, ಆದರೆ ತಡವಾದಷ್ಟೂ ಸಿಗುವುದು ಕಡಿಮೆ. ಎರಡೂ ಕಣ್ಣು ಕೂಡಿ ಕೆಲಸ ಮಾಡುತ್ತಿವೆಯೇ ಎಂದು ನೋಡಲು ವೈದ್ಯರ ಬಳಿ ಒಂದು ನೊಣದ ಚಿತ್ರವಿರುತ್ತದೆ. ವಿಶೇಷ ಕನ್ನಡಕ ಹಾಕಿಸಿ ರೆಕ್ಕೆ ಹಿಡಿ ಅನ್ನುತ್ತಾರೆ. ಆಳ ಕಾಣುವ ಮಗು ಹಾಳೆಗಿಂತ ಮೇಲೆ, ಗಾಳಿಯಲ್ಲೇ ಚಿವುಟುತ್ತದೆ. ಕಾಣದ ಮಗುವಿನ ಬೆರಳು ಹಾಳೆಗೆ ತಾಗುತ್ತದೆ.

ಒಂದೇ ಕಣ್ಣಿದ್ದರೆ ಆಳವೇ ತಿಳಿಯದು ಎಂದು ಇದರರ್ಥವಲ್ಲ. ಕ್ರಿಕೆಟಿಗ ಮನ್ಸೂರ್ ಅಲಿ ಖಾನ್ ಪಟೌಡಿಗೆ 1961ರ ಜುಲೈಯಲ್ಲಿ ಇಂಗ್ಲೆಂಡಿನ ಹೋವ್‌ನಲ್ಲಿ ಆದ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಬಹುಪಾಲು ಹೋಯಿತು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಆಡಲು ನಿಂತಾಗ ಆರೇಳು ಅಂಗುಲ ಅಂತರದಲ್ಲಿ ಎರಡು ಚೆಂಡು ಬರುತ್ತಿದ್ದವು ಎಂದು ಅವರೇ ಹೇಳಿಕೊಂಡಿದ್ದಾರೆ. ಒಳಗಿನದನ್ನು ಆರಿಸಿ ಹೊಡೆಯುತ್ತಿದ್ದರು. ಕೊನೆಗೆ ಕೆಟ್ಟ ಕಣ್ಣನ್ನು ಮುಚ್ಚಿಕೊಳ್ಳುವುದೇ ಮೇಲೆನಿಸಿ, ಕ್ಯಾಪನ್ನು ಅದರ ಮೇಲೆ ಎಳೆದುಕೊಂಡು ಆಡಿದರು. ಮಗುವಿನ ಮಿದುಳು ತಾನಾಗಿ ಅದುಮುವ ಚಿತ್ರವನ್ನು ಇಪ್ಪತ್ತರ ಹರೆಯದ ಮಿದುಳು ಅಷ್ಟು ಬೇಗ ಅದುಮಲಾರದು, ಟೋಪಿ ಬೇಕಾಯಿತು. ಅದೇ ಡಿಸೆಂಬರಿನಲ್ಲಿ ಮೊದಲ ಟೆಸ್ಟ್, ಮರುವರ್ಷ 21ನೇ ವಯಸ್ಸಿಗೆ ನಾಯಕತ್ವ, 1964ರಲ್ಲಿ ದೆಹಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 203. ಬರುತ್ತಿರುವ ಚೆಂಡು ರೆಟಿನಾದ ಮೇಲೆ ಎಷ್ಟು ವೇಗವಾಗಿ ದೊಡ್ಡದಾಗುತ್ತಿದೆ ಎನ್ನುವುದನ್ನು ಒಂದು ಕಣ್ಣೂ ಹೇಳಬಲ್ಲದು. ಪಿಚ್‌ನಷ್ಟು ದೂರದಲ್ಲಿ ಜೋಡಿಗಣ್ಣಿನ ಅನುಕೂಲ ಹೇಗೂ ಕಡಿಮೆ ಎಂದು ಮೇಲಿನ ಲೆಕ್ಕವೇ ಹೇಳುತ್ತದೆ. ಅವರು ಹೆಚ್ಚು ಒದ್ದಾಡಿದ್ದು ಕೈಗೆಟುಕುವ ದೂರದಲ್ಲಿ, ಲೋಟಕ್ಕೆ ನೀರು ಸುರಿಯುವಂಥ ಕೆಲಸಗಳಲ್ಲಿ.

ಇನ್ನೊಂದು ದಿಕ್ಕಿನ ಪ್ರಯಾಣ ಸೂಸನ್ ಬ್ಯಾರಿಯದು. ಅಮೆರಿಕದ ಈ ನರವಿಜ್ಞಾನಿಗೆ ಎಳೆಗೂಸಿನಿಂದ ಮೆಳ್ಳೆಗಣ್ಣು. ಚಿಕ್ಕಂದಿನ ಶಸ್ತ್ರಚಿಕಿತ್ಸೆಗಳಿಂದ ಕಣ್ಣು ನೋಡಲು ನೇರವಾದವು, ಜೋಡಿನೋಟ ಮಾತ್ರ ಬರಲಿಲ್ಲ. ತನಗೆ ಅದು ಬರಲು ಸಾಧ್ಯವೇ ಇಲ್ಲ ಎಂದು ನಂಬಿಯೇ ಆಕೆ ಬೆಳೆದರು. 48ನೇ ವಯಸ್ಸಿನಲ್ಲಿ, ಎರಡೂ ಕಣ್ಣನ್ನು ಒಂದೇ ಬಿಂದುವಿಗೆ ನೆಡುವ ಅಭ್ಯಾಸಗಳನ್ನು ಮಾಡುತ್ತಿದ್ದಾಗ ಒಂದು ದಿನ ಕಾರು ಹತ್ತಿ ಕುಳಿತರೆ, ಸ್ಟೀರಿಂಗ್ ಚಕ್ರ ಡ್ಯಾಶ್‌ಬೋರ್ಡಿನಿಂದ ಮುಂದಕ್ಕೆ ಬಂದು ಖಾಲಿ ಜಾಗದಲ್ಲಿ ನಿಂತಿತ್ತು. ಎಲ್ಲ ವಯಸ್ಕರಿಗೂ ಹೀಗಾಗುತ್ತದೆ ಎನ್ನಲಾಗದು. ಆದರೆ ಬಾಲ್ಯ ಕಳೆದ ಮೇಲೆ ಬಾಗಿಲು ಪೂರ್ತಿ ಮುಚ್ಚುತ್ತದೆ ಎಂಬ ಹಳೆಯ ಮಾತು ಸಡಿಲವಾಗಿದೆ. ಸೋಮಾರಿ ಕಣ್ಣಿನ ಸಂಶೋಧಕರಲ್ಲಿ ಹಲವರು ಈಗ ಬಲವಾದ ಕಣ್ಣನ್ನು ಮುಚ್ಚಿಡುವ ಬದಲು, ಅದಕ್ಕೆ ಮಸುಕಾದ ಚಿತ್ರ, ದುರ್ಬಲ ಕಣ್ಣಿಗೆ ಗಾಢ ಚಿತ್ರ ಕೊಡುವ ವಿಡಿಯೋ ಗೇಮ್‌ಗಳನ್ನು ಪರೀಕ್ಷಿಸುತ್ತಿದ್ದಾರೆ. ಬೀಳುವ ಇಟ್ಟಿಗೆ ಒಂದು ಕಣ್ಣಿಗೆ ಕಂಡರೆ ಅದು ಕೂರಬೇಕಾದ ಗೋಡೆ ಇನ್ನೊಂದಕ್ಕೆ. ಎರಡೂ ಕಣ್ಣು ಕೂಡಿದರೆ ಮಾತ್ರ ಆಟ ಮುಂದೆ ಹೋಗುತ್ತದೆ. ಫಲಿತಾಂಶಗಳು ಒಂದೊಂದು ಕಡೆ ಒಂದೊಂದು ಥರ ಬಂದಿವೆ, ಪಟ್ಟಿಗಿಂತ ಇದೇ ಮೇಲು ಎಂದು ಇನ್ನೂ ಸಿದ್ಧವಾಗಿಲ್ಲ.